ಎರಡೂ ಊರಿನ ಸರಾಸರಿ ಉಷ್ಣತೆ 27 ಡಿಗ್ರಿ, ಆದ್ರೆ ಅಡಿಕೆ ಒಂದೇ ಕಡೆ

ಕೃಷಿ ಹವಾಮಾನದ ಸಲಹೆ ಕೇಳೋಕೆ ನನ್ನ ಹತ್ರ ಬರೋರಲ್ಲಿ ತಿಂಗಳಿಗೆ ಇಬ್ರಾದ್ರೂ ಮೊಬೈಲ್ ಮುಂದೆ ಹಿಡಿದು ಇದೇ ಪ್ರಶ್ನೆ ಕೇಳ್ತಾರೆ. "ಮಂಗಳೂರಿಂದೂ ವರ್ಷದ ಸರಾಸರಿ 27 ಅದರಿ, ನಮ್ಮ ಕಲಬುರಗಿದೂ 27 ಅದರಿ, ಮತ್ತ ಅಡಿಕಿ ಯಾಕ ಬರಂಗಿಲ್ರಿ ಸರ್?" ಹೋದ ಬೇಸಿಗೆಯಲ್ಲಿ ಕೇಳಿದ ಯಜಮಾನ್ರು ಅಷ್ಟೊತ್ತಿಗಾಗ್ಲೇ ಎರಡೆಕರೆಗೆ ಸಸಿ ತಂದು ಬಿಸಿಲಲ್ಲೇ ನೆಟ್ಟಾಗಿತ್ತು, ಎಲೆ ಅಂಚು ಸುಟ್ಟು ಕಾಗದದ ತರ ಮುರೀತಿತ್ತು, ನೋಡಿದ್ರೆ ಹೊಟ್ಟೆ ಉರಿಯುತ್ತೆ.

ದಯವಿಟ್ಟು ಇದೊಂದು ವಿಷಯ ನಿಧಾನವಾಗಿ ಕೇಳಿ. ಒಂದು ದಿನದ ಸರಾಸರಿ ಅಂದ್ರೆ ಗರಿಷ್ಠ, ಕನಿಷ್ಠ ಎರಡನ್ನೂ ಕೂಡಿ ಎರಡರಿಂದ ಭಾಗಿಸೋದು. ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ 40 ದಾಟುತ್ತೆ, ಡಿಸೆಂಬರ್ ಬೆಳಗಿನ ಜಾವ ಸುಮಾರು 15-16ಕ್ಕೆ ಇಳಿಯುತ್ತೆ. ಮಂಗಳೂರಲ್ಲಿ ಮೇ ತಿಂಗಳ ಮಧ್ಯಾಹ್ನವೂ ಹೆಚ್ಚುಕಡಿಮೆ 33, ಡಿಸೆಂಬರ್ ರಾತ್ರಿಯೂ 22ರ ಆಸುಪಾಸು. ಇಡೀ ವರ್ಷದ್ದು ಕೂಡಿ ಭಾಗಿಸಿದ್ರೆ ಎರಡೂ 27ರ ಹತ್ರ ಬಂದು ನಿಲ್ಲುತ್ತೆ, ಆದ್ರೆ ಗಿಡ ಬದುಕೋದು ಆ 27ರಲ್ಲಿ ಅಲ್ಲ, ಆ 40ರಲ್ಲಿ ಮತ್ತೆ ಆ 15ರಲ್ಲಿ. ಅಡಿಕೆಗೆ ಒಗ್ಗೋದು 14ರಿಂದ 36 ಡಿಗ್ರಿ ಅಂತಾರೆ. ಸರಾಸರಿ ಅದರೊಳಗೇ ಇದೆ, ಮೇ ತಿಂಗಳು ಇಲ್ಲ.

ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಸಮುದ್ರ. ನೀರು ಬೇಗ ಕಾಯಲ್ಲ, ಕಾದ್ಮೇಲೆ ಬೇಗ ಆರೋದೂ ಇಲ್ಲ, ಮೇಲಾಗಿ ಮಧ್ಯಾಹ್ನ ಆದ್ರೆ ಕಡಲ ಕಡೆಯಿಂದ ಗಾಳಿ ಬೀಸುತ್ತೆ. ಒಣಗಿದ ಎರೆ ಹೊಲ ಹಂಗಲ್ಲ, ಬಿಸಿಲು ಬಿದ್ದ ತಕ್ಷಣ ಕಾದು, ಚಳಿಗಾಲದಲ್ಲಿ ಆಕಾಶ ತಿಳಿಯಾಗಿದ್ರೆ ರಾತ್ರಿ ಅಷ್ಟೇ ಬೇಗ ಆರಿಬಿಡುತ್ತೆ.

ಎತ್ತರದ ಲೆಕ್ಕ ಬೇರೆ. ಚೆನ್ನೈ, ಬೆಂಗಳೂರು, ಮಂಗಳೂರು ಮೂರೂ 13 ಡಿಗ್ರಿ ಅಕ್ಷಾಂಶದ ಹತ್ರಾನೇ ಇವೆ, ಬಿಸಿಲು ಬೀಳೋ ಓರೆ ಒಂದೇ, ಆದ್ರೂ ಬೆಂಗಳೂರು ತಂಪು, ಯಾಕಂದ್ರೆ ಅದು 900 ಮೀಟರ್ ಮೇಲಿದೆ. ಬೆಟ್ಟ ಸೂರ್ಯನಿಗೆ ಹತ್ರ ಅಲ್ವಾ ಅಂತ ಓದಿದೋರೇ ಕೇಳ್ತಾರೆ. ಗಾಳಿ ಕಾಯೋದು ಬಹುಪಾಲು ಕೆಳಗಿನ ನೆಲದಿಂದ, ಮೇಲೇರಿದ ಗಾಳಿ ಹಿಗ್ಗಿ ತಣ್ಣಗಾಗುತ್ತೆ, ಸಾವಿರ ಮೀಟರಿಗೆ ಸರಿಸುಮಾರು ಆರೂವರೆ ಡಿಗ್ರಿ ಇಳಿಯುತ್ತೆ. ಇನ್ನು ಮೋಡ. ಬೆಂಗಳೂರಲ್ಲಿ ಸೂರ್ಯ ನೆತ್ತಿ ಮೇಲೆ ನೆಟ್ಟಗೆ ಬರೋದು ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ಮಧ್ಯಕ್ಕೊಮ್ಮೆ. ಏಪ್ರಿಲಲ್ಲಿ ಬೆವರಿಳಿಸುತ್ತೆ, 2016ರ ಏಪ್ರಿಲಲ್ಲಂತೂ 39.2 ಮುಟ್ಟಿತ್ತು. ಆಗಸ್ಟಲ್ಲಿ ಅದೇ ಸೂರ್ಯ, ಆದ್ರೆ ಮುಂಗಾರು ಮೋಡದ ಕೆಳಗೆ ಜನ ಸ್ವೆಟರ್ ಹುಡುಕ್ತಾರೆ.

ಇನ್ನೊಂದು ಮಾತು. ಹವಾಮಾನ ಇಲಾಖೆಯವರು ಅಳೆಯೋದು ನೆಲದಿಂದ ಸುಮಾರು ನಾಲ್ಕಡಿ ಮೇಲೆ, ಗಾಳಿ ಆಡೋ ಬಿಳಿ ಪೆಟ್ಟಿಗೆ ಒಳಗಿನ ನೆರಳಿನ ಉಷ್ಣತೆ. ನಿಮ್ಮ ಅಡಿಕೆ ಮರ ಪೆಟ್ಟಿಗೆಯಲ್ಲಿ ನಿಂತಿಲ್ಲ. ಮಲೆನಾಡಲ್ಲೇ ನೈರುತ್ಯದ ಸಂಜೆ ಬಿಸಿಲು ಬಿದ್ದು ಕಾಂಡ ಹಳದಿಯಾಗಿ, ಆಮೇಲೆ ಸೀಳು ಬಿಡುತ್ತೆ ಅಂತ ಸೋಗೆ ಕಟ್ತಾರೆ, ಸುಣ್ಣ ಬಳೀತಾರೆ. ಅಂಥಾದ್ರಲ್ಲಿ ಬಯಲಲ್ಲಿ ಹೇಗಿರಬೇಡ?

ಬೆಳೀಲೇಬಾರ್ದು ಅಂತ ನಾನು ಹೇಳ್ತಿಲ್ಲ. ನೀರು, ನೆರಳು ಎರಡೂ ಗಟ್ಟಿ ಮಾಡ್ಕೊಂಡು ಚಿತ್ರದುರ್ಗ, ದಾವಣಗೆರೆ ಕಡೆ ಬೆಳೀತಿರೋರು ಇದಾರೆ, ನಿಮ್ಮ ಮಣ್ಣು, ಬೋರ್‌ವೆಲ್ ನೋಡದೆ ನಾನು ಹೂಂ ಅನ್ನಲ್ಲ, ಅಷ್ಟೇ.

ಆ ಯಜಮಾನ್ರಿಗೆ ಗರಿಷ್ಠ-ಕನಿಷ್ಠ ಥರ್ಮಾಮೀಟರ್ ಒಂದು ಕೊಡ್ಸಿ, ಪಂಪ್‌ಸೆಟ್ ಮನೆಯ ಉತ್ತರದ ನೆರಳಲ್ಲಿ, ತಗಡಿಗೆ ತಾಗದ ಹಾಗೆ ತೂಗುಹಾಕ್ಸಿದೆ. ಮೊದಲ ವಾರ ಬರೀ ಸರಾಸರಿ ಲೆಕ್ಕ ಮಾಡಿ ಕಳ್ಸಿದ್ರು, ಫೋನಲ್ಲಿ ಸ್ವಲ್ಪ ಜೋರಾಗೇ ಮಾತಾಡ್ಬಿಟ್ಟೆ, ಬೇಜಾರೂ ಆಯ್ತು. ಈಗ ಮಗಳ ಹಳೇ ನೋಟ್‌ಬುಕ್ಕಲ್ಲಿ ಗೆರೆ ಹಾಕಿ, ಹಗಲಿಂದು ಒಂದು ಕಡೆ, ರಾತ್ರಿದು ಒಂದು ಕಡೆ ಬರೆದು ಫೋಟೋ ಕಳಿಸ್ತಾರೆ. ಉಳಿದ ಸಸಿಗಳಿಗೆ ತೆಂಗಿನ ಗರಿ ಮರೆ ಮಾಡ್ಸಿದೀವಿ, ಸತ್ತ ಸಾಲಲ್ಲಿ ಮೊದಲು ಬಾಳೆ ಇಡ್ಸಿದೀನಿ, ಅದರ ನೆರಳು ಬಂದ್ಮೇಲೆ ಅಡಿಕೆ ಮಾತಾಡೋಣ ಅಂದಿದೀನಿ.