ಹಾಡಿಗೆ ಬಿದ್ದ ಬೀಗ: ಕೃತಿಸ್ವಾಮ್ಯದ ಜಗಳ ಕಂಪ್ಯೂಟರಿನೊಳಗೆ ಬಂದ ಬಗೆ

ವಿಜಯದಶಮಿಯ ರಾತ್ರಿ ಮಡಿಕೇರಿಯಲ್ಲಿ ದೇವರ, ಅಸುರರ ಚಲಿಸುವ ಮೂರ್ತಿಗಳನ್ನು ಹೊತ್ತ ದಶಮಂಟಪಗಳು ಹೊರಟಾಗ ಎದೆ ನಡುಗುವಷ್ಟು ಜೋರಾಗಿ ಕೇಳಿಸುವ ಸಂಗೀತ, ಮರುದಿನ ಅದೇ ಮಂಟಪದ ವಿಡಿಯೊವನ್ನು ಯಾರಾದರೂ ಯೂಟ್ಯೂಬಿಗೆ ಹಾಕಿದರೆ ನಡುವೆ ಎಲ್ಲೋ ಇದ್ದಕ್ಕಿದ್ದಂತೆ ಮೂಕವಾಗಿಬಿಡುವುದುಂಟು. ಅಸುರ ಬಾಯಿ ತೆರೆಯುತ್ತಾನೆ, ದೇವಿ ತ್ರಿಶೂಲ ಎತ್ತುತ್ತಾಳೆ, ದೀಪಗಳು ಮಿನುಗುತ್ತವೆ, ಸದ್ದು ಮಾತ್ರ ಇಲ್ಲ. ಇದರ ಬಗ್ಗೆ ಮಾತು ಬಂದಾಗ ಒಬ್ಬರು ಹಾಡು ಕಟ್ಟಿದವರ ಹೊಟ್ಟೆಪಾಡನ್ನು ಎತ್ತುತ್ತಾರೆ, ಇನ್ನೊಬ್ಬರು ದೇವರ ಕಾರ್ಯಕ್ಕೆ ಕಾನೂನಿನಲ್ಲೇ ವಿನಾಯಿತಿ ಇದೆ ಎನ್ನುತ್ತಾರೆ, ಮತ್ತೊಬ್ಬರು ಯಂತ್ರ ತಪ್ಪಿದೆ ಎಂದು ಪಟ್ಟು ಹಿಡಿಯುತ್ತಾರೆ. ಮೂವರೂ ಒಂದೇ ಜಗಳ ಆಡುತ್ತಿದ್ದೇವೆಂದು ತಿಳಿದಿದ್ದಾರೆ. ನಿಜದಲ್ಲಿ ಅವು ಬೇರೆ ಬೇರೆ ಕಾಲದಲ್ಲಿ ಹುಟ್ಟಿ ಒಂದರ ಮೇಲೊಂದು ಬಿದ್ದಿರುವ ಮೂರು ಜಗಳಗಳು.

ಮೊದಲನೆಯದು ಹಾಡು ಯಾರದು ಎಂಬುದು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಾರಿಕೆ ಗ್ರಾಮಫೋನ್ ತಟ್ಟೆಗೆ ಇಳಿದದ್ದರಿಂದ ಹಿಡಿದು ಸ್ವತಂತ್ರ ಭಾರತ 1957ರಲ್ಲಿ ತನ್ನದೇ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯನ್ನು ಮಾಡಿಕೊಳ್ಳುವವರೆಗಿನ ಅರ್ಧ ಶತಮಾನದಲ್ಲಿ, ಹಾಡು ಎಂಬ ಒಂದು ವಸ್ತು ಸಾಹಿತ್ಯ, ರಾಗಸಂಯೋಜನೆ, ಧ್ವನಿಮುದ್ರಣ ಎಂಬ ಮೂರು ಆಸ್ತಿಗಳಾಗಿ ಹೋಳಾಯಿತು. ಸಿನಿಮಾ ಹಾಡುಗಳ ವಿಷಯದಲ್ಲಿ ನಿರ್ಮಾಪಕನೇ ಮೊದಲ ಒಡೆಯ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತು. ಬರೆದವರಿಗೆ, ಸಂಗೀತ ಕೊಟ್ಟವರಿಗೆ ರಾಯಧನದ ಪಾಲು ಬಿಟ್ಟುಕೊಡಲಾಗದ ಹಕ್ಕಾಗಿ ಸಿಕ್ಕಿದ್ದು 2012ರ ತಿದ್ದುಪಡಿಯಲ್ಲಿ. ನಡುವಿನ ಮೂವತ್ತೈದು ವರ್ಷಗಳಲ್ಲಿ ನಾವು ರೇಡಿಯೊದಲ್ಲಿ ಕೇಳಿ ಬಾಯಿಪಾಠ ಮಾಡಿಕೊಂಡ ಹಾಡುಗಳ ಎಷ್ಟೋ ಕವಿಗಳಿಗೆ ಒಮ್ಮೆ ಕೊಟ್ಟ ಸಂಭಾವನೆಯೇ ಕೊನೆಯದಾಗಿತ್ತು ಎಂಬುದನ್ನು, ಕೃತಿಸ್ವಾಮ್ಯವೆಂದರೆ ಬರೀ ವಸೂಲಿ ಎಂದು ಬೈಯುವ ಮೊದಲು ನೆನೆಯುವುದು ಒಳ್ಳೆಯದು.

ಸಮಾರಂಭಗಳ ಪ್ರಶ್ನೆಯೂ ಇದರೊಳಗೇ ಬರುತ್ತದೆ. ಕಾಯ್ದೆಯ 52ನೇ ಕಲಮಿನ ಕೊನೆಯ ಭಾಗದಲ್ಲಿರುವ ಒಂದು ಉಪಕಲಮು, ಪ್ರಾಮಾಣಿಕವಾದ ಧಾರ್ಮಿಕ ಸಮಾರಂಭದಲ್ಲಿ ಹಾಡು ನುಡಿಸುವುದು ಉಲ್ಲಂಘನೆಯಲ್ಲ ಎನ್ನುತ್ತದೆ; ಮದುವೆಯ ಮೆರವಣಿಗೆ ಮತ್ತು ಮದುವೆಗೆ ಸೇರಿದ ಇತರ ಸಂಭ್ರಮಗಳೂ ಆ ಮಾತಿನಲ್ಲಿ ಅಡಕವೆಂದು ವಿವರಣೆಯೇ ಹೇಳುತ್ತದೆ. ಕೇಂದ್ರ ಸರ್ಕಾರದ ಇಲಾಖೆಯೊಂದು 2023ರ ಜುಲೈನಲ್ಲಿ ಇದನ್ನೇ ನೆನಪಿಸಿ ಸಾರ್ವಜನಿಕ ಪ್ರಕಟಣೆ ಹೊರಡಿಸಿತು. ಅದೇ ಧಾಟಿಯಲ್ಲಿ ಗೋವಾ ಸರ್ಕಾರ ಹೊರಡಿಸಿದ ಸುತ್ತೋಲೆಯನ್ನು ಬಾಂಬೆ ಹೈಕೋರ್ಟ್ 2024ರಲ್ಲಿ ರದ್ದು ಮಾಡಿತು. ಹಾಗಾಗಿ ಕಲ್ಯಾಣ ಮಂಟಪದ ಯಜಮಾನರು ಇವತ್ತಿಗೂ ಒಂದು ಕೈಯಲ್ಲಿ ಪ್ರಕಟಣೆ, ಇನ್ನೊಂದು ಕೈಯಲ್ಲಿ ಹಾಡಿನ ಹಕ್ಕುದಾರರ ನೋಟಿಸು ಹಿಡಿದುಕೊಂಡಿದ್ದಾರೆ. ದಸರಾ ಮಂಟಪದ ಸಂಗೀತ ಬೀದಿಯಲ್ಲಿ ಮೊಳಗುವಾಗ ಈ ವಿನಾಯಿತಿಯ ನೆರಳಿನಲ್ಲಿದೆ ಎಂದು ವಾದಿಸಬಹುದು. ಆದರೆ ಮರುದಿನ ಅದನ್ನು ಜಗತ್ತಿಗೆಲ್ಲ ಬಿತ್ತರಿಸುವುದು ಸಮಾರಂಭದ ಭಾಗವೇ ಎಂಬುದು ಬೇರೆಯೇ ಪ್ರಶ್ನೆ. ವಿಡಿಯೊವನ್ನು ಮೂಕವಾಗಿಸಿದ ಯಂತ್ರವಂತೂ ಈ ಎರಡರಲ್ಲಿ ಯಾವ ಪ್ರಶ್ನೆಯನ್ನೂ ಕೇಳಿಕೊಂಡಿರಲಿಲ್ಲ.

ಎರಡನೆಯ ಜಗಳ ಬೀಗದ್ದು, ಅಂದರೆ ನಕಲು ಮಾಡದಂತೆ ತಡೆಯುವ ತಂತ್ರದ್ದು. ನಕಲು ಮಾಡುವುದು ಕಷ್ಟವಾಗಿದ್ದ ಕಾಲದಲ್ಲಿ ಹಾಡಿಗೆ ಬೀಗ ಬೇಕಿರಲಿಲ್ಲ. ಕ್ಯಾಸೆಟ್ ಬಂದ ಮೇಲೆ ನಕಲು ಸುಲಭವಾಯಿತಾದರೂ ನಕಲಿನಿಂದ ನಕಲಿಗೆ ಸದ್ದು ಮಂಕಾಗುತ್ತಿತ್ತು. ಆ ಮಂಕೇ ಒಂದು ಬಗೆಯ ಬೇಲಿಯಾಗಿತ್ತು. ಸಿಡಿ ಮತ್ತು ಎಂಪಿ3 ಆ ಬೇಲಿಯನ್ನು ಕಿತ್ತುಹಾಕಿದವು. 1999ರ ಜೂನ್‌ನಲ್ಲಿ ಶುರುವಾದ, ಜನ ಅಂತರ್ಜಾಲದಲ್ಲಿ ಒಬ್ಬರಿಗೊಬ್ಬರು ಹಾಡು ಹಂಚಿಕೊಳ್ಳುತ್ತಿದ್ದ ನ್ಯಾಪ್‌ಸ್ಟರ್ ಎರಡೇ ವರ್ಷದಲ್ಲಿ ನ್ಯಾಯಾಲಯದ ಆದೇಶದಿಂದ ಮುಚ್ಚಿತು. ಅಷ್ಟರೊಳಗೆ ಹಾಡಿನ ವ್ಯಾಪಾರಕ್ಕೆ ತಗಲಿದ ಭಯ ಮುಂದಿನ ಹತ್ತು ವರ್ಷಗಳ ನಿರ್ಧಾರಗಳನ್ನು ನಡೆಸಿತು.

ಆ ದಿನಗಳಲ್ಲಿ ನಾನು ಮಡಿಕೇರಿಯ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿದ್ದೆ. ಮಳೆಗಾಲದಲ್ಲಿ ಸಿಡಿಲಿಗೆ ಸುಟ್ಟ ಮೋಡೆಮ್‌ಗಳು, ಉಳಿದ ಕಾಲದಲ್ಲಿ ವೈರಸ್ ಹಿಡಿದ ಸಿಪಿಯುಗಳು, ಇವೇ ನಮ್ಮ ಅನ್ನ. ಬೀಗದ ಕಥೆಯನ್ನು ಹೊರಗಿನಿಂದ ಓದುವುದಕ್ಕೂ ಮೇಜಿನ ಈಚೆ ಕಡೆ ಕೂತು ನೋಡುವುದಕ್ಕೂ ವ್ಯತ್ಯಾಸವಿರುವುದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಮೊದಮೊದಲ ಬೀಗಗಳು ನಗು ತರಿಸುವಂಥವು. 2002ರ ಸುಮಾರಿಗೆ ಯುರೋಪಿನಲ್ಲಿ ಮಾರಾಟವಾದ ಕೆಲವು ಸಿಡಿಗಳ ಹೊರ ಅಂಚಿನಲ್ಲಿ ಕಂಪ್ಯೂಟರನ್ನು ದಿಕ್ಕು ತಪ್ಪಿಸುವ ಸುಳ್ಳು ದತ್ತಾಂಶದ ಪಟ್ಟಿಯೊಂದಿರುತ್ತಿತ್ತು. ಆ ಅಂಚಿಗೆ ಮಾರ್ಕರ್ ಪೆನ್ನಿನಲ್ಲಿ ಒಂದು ಸುತ್ತು ಮಸಿ ಬಳಿದರೆ ಬೀಗ ಹೋಯಿತು. 2003ರಲ್ಲಿ ಬಂದ ಇನ್ನೊಂದು ಬೀಗ, ಸಿಡಿ ಹಾಕಿದೊಡನೆ ವಿಂಡೋಸ್ ತಾನಾಗಿಯೇ ಓಡಿಸುವ ಆಟೊರನ್ ಸೌಲಭ್ಯವನ್ನು ನಂಬಿಕೊಂಡಿತ್ತು. ಸಿಡಿ ಹಾಕುವಾಗ ಕೀಬೋರ್ಡಿನ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದರೆ ಆ ಬೀಗ ಬೀಳುವುದೇ ಇಲ್ಲ ಎಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಅಲೆಕ್ಸ್ ಹಾಲ್ಡರ್‌ಮನ್ ಬರೆದರು. ಬೀಗ ಮಾಡಿದ ಸಂಸ್ಥೆ ಕೋಟಿಗಟ್ಟಲೆ ಪರಿಹಾರ ಕೇಳಿ ಮೊಕದ್ದಮೆ ಹೂಡುವುದಾಗಿ ಹೇಳಿ, ನಗೆಪಾಟಲಾದ ಮೇಲೆ ಹಿಂದೆ ಸರಿಯಿತು. ಅದಕ್ಕೂ ಮೊದಲು, 2001ರಲ್ಲಿ, ಅದೇ ವಿಶ್ವವಿದ್ಯಾಲಯದ ಎಡ್ವರ್ಡ್ ಫೆಲ್ಟನ್ ಮತ್ತು ಸಂಗಡಿಗರು ಸಂಗೀತೋದ್ಯಮವೇ ಒಡೆಯಲು ಸವಾಲೊಡ್ಡಿದ್ದ, ಹಾಡಿನ ಸದ್ದಿನೊಳಗೆ ಅಡಗಿಸಿದ ಗುರುತುಗಳನ್ನು ಒಡೆದು ಪ್ರಬಂಧ ಬರೆದಾಗ, ಅದನ್ನು ಪ್ರಕಟಿಸದಂತೆ ಎಚ್ಚರಿಸುವ ಪತ್ರ ಬಂದಿತ್ತು. ಪ್ರಬಂಧ ಕೆಲವು ತಿಂಗಳು ತಡವಾಗಿ ಹೊರಬಂತು. ಬೀಗ ಮುರಿಯುವುದಲ್ಲ, ಬೀಗ ಸಡಿಲವಾಗಿದೆ ಎಂದು ಹೇಳುವುದೂ ತಪ್ಪೇ ಎಂಬ ಪ್ರಶ್ನೆ ಕಂಪ್ಯೂಟರ್ ಸುರಕ್ಷತೆಯವರನ್ನು ಕೃತಿಸ್ವಾಮ್ಯದ ಜಗಳಕ್ಕೆ ಎಳೆದು ತಂದದ್ದು ಹೀಗೆ.

ನಗು ನಿಂತದ್ದು 2005ರ ಅಕ್ಟೋಬರ್ 31ರಂದು. ವಿಂಡೋಸ್‌ನ ಒಳಗುಟ್ಟು ಬಲ್ಲ ಮಾರ್ಕ್ ರಸಿನೊವಿಚ್ ತಮ್ಮದೇ ಕಂಪ್ಯೂಟರಿನಲ್ಲಿ ಕಣ್ಣಿಗೆ ಕಾಣದ ಕಡತಗಳು ಅಡಗಿರುವುದನ್ನು ಕಂಡು, ಎಳೆ ಹಿಡಿದು ಹೋದರೆ, ಅವರು ಹಣ ಕೊಟ್ಟು ಕೊಂಡಿದ್ದ ಸೋನಿ ಬಿಎಂಜಿಯ ಸಂಗೀತ ಸಿಡಿಯ ಬಳಿಗೆ ಬಂದು ನಿಂತರು. ಎಕ್ಸ್‌ಸಿಪಿ ಎಂಬ ಆ ಬೀಗ ತನ್ನನ್ನು ಮರೆಮಾಡಿಕೊಳ್ಳಲು ರೂಟ್‌ಕಿಟ್ ಎಂಬ, ಕಳ್ಳ ತಂತ್ರಾಂಶಗಳು ಅಡಗಲು ಬಳಸುವ ವಿಧಾನ ಬಳಸಿತ್ತು. ಡಾಲರ್ ಚಿಹ್ನೆಗಳ ನಡುವೆ ಸಿಸ್ ಎಂದಿರುವ ಹೆಸರಿನಿಂದ ಶುರುವಾಗುವ ಯಾವ ಕಡತವೂ ಕಂಪ್ಯೂಟರಿಗೆ ಕಾಣದಂತೆ ಅದು ಮಾಡುತ್ತಿತ್ತು. ತನ್ನದಷ್ಟೇ ಅಲ್ಲ, ಯಾರು ಆ ಹೆಸರಿಟ್ಟರೂ ಮರೆ ಸಿಗುತ್ತಿತ್ತು. ಮನೆಗೆ ಕಾವಲಿಗೆಂದು ಬಂದವನು ಅಟ್ಟದಲ್ಲಿ ಕಳ್ಳಗಂಡಿ ಕೊರೆದು ಅದಕ್ಕೆ ಬಾಗಿಲಿಡದೆ ಹೋದಂತಾಯಿತು. ಹತ್ತು ದಿನಗಳಲ್ಲಿ ಆ ಗಂಡಿಯಲ್ಲಿ ಅಡಗುವ ಟ್ರೋಜನ್ ಎಂಬ ವೇಷಧಾರಿ ದುಷ್ಟ ತಂತ್ರಾಂಶ ಕಾಣಿಸಿಕೊಂಡಿತು. ಬೀಗವನ್ನು ತೆಗೆದುಹಾಕಲೆಂದು ಸೋನಿ ಕೊಟ್ಟ ತಂತ್ರಾಂಶ ಇನ್ನೂ ದೊಡ್ಡ ಗಂಡಿ ತೆರೆಯಿತು. ಕೃತಿಸ್ವಾಮ್ಯ ಕಾಯಲು ಬರೆದ ಎಕ್ಸ್‌ಸಿಪಿಯೊಳಗೇ ಬೇರೆಯವರ ಮುಕ್ತ ತಂತ್ರಾಂಶದ ಸಾಲುಗಳು ಷರತ್ತು ಪಾಲಿಸದೆ ಸೇರಿರುವುದನ್ನೂ ಪರಿಶೋಧಕರು ತೋರಿಸಿದರು. 52 ಶೀರ್ಷಿಕೆಗಳ ಸಿಡಿಗಳನ್ನು ಹಿಂದಕ್ಕೆ ಕರೆಯಬೇಕಾಯಿತು.

ಆ ಸಿಡಿಗಳು ನಮ್ಮ ಮಡಿಕೇರಿಯ ಅಂಗಡಿಗೆ ಬರಲಿಲ್ಲ. ಬಂದದ್ದು ಅದೇ ಬಾಗಿಲಿನಿಂದ ನುಗ್ಗುವ ಬೇರೆ ಅತಿಥಿಗಳು. ಫೋಲ್ಡರಿನ ವೇಷ ಹಾಕಿದ ವೈರಸ್‌ಗಳು ಪೆನ್‌ಡ್ರೈವ್ ಸಿಕ್ಕಿಸಿದೊಡನೆ ಆಟೊರನ್ ಮೂಲಕ ಎದ್ದು ಕೂರುತ್ತಿದ್ದವು. ಫೋಟೊ ಸ್ಟುಡಿಯೊದಿಂದ ಕಾಲೇಜಿಗೆ, ಕಾಲೇಜಿನಿಂದ ಕಾಫಿ ಕ್ಯೂರಿಂಗಿನ ಲೆಕ್ಕದ ಕಂಪ್ಯೂಟರಿಗೆ ಹೋಗುತ್ತಿದ್ದವು. ಆ ಬಾಗಿಲಿಗೆ ಮೈಕ್ರೋಸಾಫ್ಟ್ ಸರಿಯಾಗಿ ಚಿಲಕ ಹಾಕಿದ್ದು 2011ರಲ್ಲಿ. ಅದೇ ಹೊತ್ತಿಗೆ ಹಾಡಿನ ಬೀಗಗಳೂ ಸವೆದಿದ್ದವು: 2009ರಲ್ಲಿ ಆಪಲ್‌ನ ಹಾಡಿನ ಅಂಗಡಿ ಐಟ್ಯೂನ್ಸ್ ತನ್ನ ಎಲ್ಲ ಹಾಡುಗಳನ್ನೂ ಬೀಗವಿಲ್ಲದೆ ಮಾರಲು ಶುರುಮಾಡಿತು. ನನಗೆ ಉಳಿದ ಅನಿಸಿಕೆ ಇಷ್ಟು: ಆ ಹತ್ತು ವರ್ಷಗಳ ಬೀಗಗಳು ಕದ್ದವರನ್ನು ತಡೆದದ್ದಕ್ಕಿಂತ ಕೊಂಡವರನ್ನು ಕಾಡಿದ್ದೇ ಹೆಚ್ಚು.

ಬೀಗ ಹೋದರೂ ಬೀಗದ ಕಾನೂನು ಉಳಿಯಿತು. ಅಮೆರಿಕದ 1998ರ ಕಾಯ್ದೆ ಬೀಗ ಮುರಿಯುವುದನ್ನೇ ಕಾನೂನುಬಾಹಿರವಾಗಿಸಿತ್ತು. ನಮ್ಮಲ್ಲಿ 2012ರ ತಿದ್ದುಪಡಿಯೊಡನೆ ಬಂದ 65ಎ ಕಲಮು ಎರಡು ವರ್ಷದವರೆಗಿನ ಜೈಲುಶಿಕ್ಷೆ ಹೇಳುತ್ತದಾದರೂ, ಹಕ್ಕನ್ನು ಉಲ್ಲಂಘಿಸುವ ಉದ್ದೇಶವಿರಬೇಕು ಎಂಬ ಷರತ್ತನ್ನು ಇಟ್ಟುಕೊಂಡಿದೆ. ಗೂಢಲಿಪಿಯ ಸಂಶೋಧನೆಗೆ, ಒಡೆಯರ ಒಪ್ಪಿಗೆಯಿಂದ ನಡೆಯುವ ಸುರಕ್ಷತಾ ಪರೀಕ್ಷೆಗೆ ಜಾಗ ಬಿಟ್ಟಿದೆ. ಈ ಒಂದು ವಿಷಯದಲ್ಲಿ ನಮ್ಮ ಶಾಸಕರು ತಡವಾಗಿ ಬಂದದ್ದೇ ಲಾಭವಾಯಿತು.

ಮೂರನೆಯ ಜಗಳ ಗುರುತು ಹಚ್ಚುವ ಯಂತ್ರದ್ದು. ಯೂಟ್ಯೂಬ್ 2007ರಲ್ಲಿ ತಂದ ಕಂಟೆಂಟ್ ಐಡಿ ಬೀಗವಲ್ಲ, ಬೆರಳಚ್ಚಿನ ದಫ್ತರ. ಸ್ಥೂಲವಾಗಿ ಹೇಳುವುದಾದರೆ, ಸದ್ದನ್ನು ಸಣ್ಣ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕಿನಲ್ಲಿ ಯಾವ ಕಂಪನಗಳು ಎದ್ದು ನಿಂತಿವೆಯೋ ಅವನ್ನು ಚುಕ್ಕೆಗಳಾಗಿ ಗುರುತಿಸಿದರೆ ಹಾಡೊಂದು ನಕ್ಷತ್ರಪಟದಂತೆ ಕಾಣುತ್ತದೆ. ಹೊಸ ವಿಡಿಯೊದ ಚುಕ್ಕೆಗಳು ದಫ್ತರದ ಪಟವೊಂದಕ್ಕೆ ಕೂಡಿಬಂದರೆ ಕ್ಲೈಮ್, ಅಂದರೆ ಈ ಹಾಡಿನ ಹಕ್ಕು ನಮ್ಮದೆಂಬ ತಕರಾರು, ಬೀಳುತ್ತದೆ. ಆಗ ಜಾಹೀರಾತಿನ ಹಣ ದಫ್ತರದಲ್ಲಿ ಹೆಸರಿದ್ದವರಿಗೆ ಹೋಗಬಹುದು, ಸದ್ದು ಅಡಗಬಹುದು, ಅಥವಾ ವಿಡಿಯೊವೇ ಮರೆಯಾಗಬಹುದು. ಯೂಟ್ಯೂಬೇ ಪ್ರಕಟಿಸಿದ ಲೆಕ್ಕದಂತೆ 2021ರ ಮೊದಲ ಆರು ತಿಂಗಳಲ್ಲಿ ಇಂಥ ಕ್ಲೈಮ್‌ಗಳು 72 ಕೋಟಿಗೂ ಹೆಚ್ಚು. ಆಕ್ಷೇಪ ಬಂದದ್ದು ನೂರರಲ್ಲಿ ಒಂದಕ್ಕಿಂತ ಕಡಿಮೆ, ಅಂದರೆ ಸುಮಾರು 22 ಲಕ್ಷ; ಹಾಗೆ ಆಕ್ಷೇಪಿಸಿದವರಲ್ಲಿ ಶೇ. 60ರಷ್ಟು ಮಂದಿ ಗೆದ್ದರು. ಯಂತ್ರ ಸರಿಯಿದೆ ಎನ್ನುವವರು ಆಕ್ಷೇಪ ಇಷ್ಟು ಕಡಿಮೆ ಎಂಬ ಅಂಕಿಯನ್ನೂ, ತಪ್ಪಿದೆ ಎನ್ನುವವರು ಗೆದ್ದವರ ಅಂಕಿಯನ್ನೂ ತೋರಿಸುತ್ತಾರೆ.

ಯಂತ್ರಕ್ಕೆ ಸಿಗದ ಹೋಲಿಕೆಗಳನ್ನು ಹಳೆಯ ರೀತಿಯಲ್ಲೇ ನ್ಯಾಯಾಲಯಗಳು ನೋಡುತ್ತಿವೆ. 2022ರಲ್ಲಿ ಕಾಂತಾರ ಚಿತ್ರದ ವರಾಹ ರೂಪಂ ಹಾಡಿನ ಬಗ್ಗೆ ಕೇರಳದ ವಾದ್ಯವೃಂದವೊಂದು ಎತ್ತಿದ ತಕರಾರು ಕೋರ್ಟಿಗೆ ಹೋಗಿ, ಚಿತ್ರ ಓಟಿಟಿಗೆ ಬಂದಾಗ ಮೊದಲ ಕೆಲವು ದಿನ ಆ ಹಾಡು ಬೇರೆ ಧಾಟಿಯಲ್ಲಿ ಕೇಳಿಸಿದ್ದು ಓದುಗರಿಗೆ ನೆನಪಿರಬಹುದು. ಅಲ್ಲಿ ಕನಿಷ್ಠ ಎರಡೂ ಕಡೆಯ ವಕೀಲರಿದ್ದರು.

ವಕೀಲರಿಲ್ಲದ ಹಾಡುಗಳ ಪಾಡು ಬೇರೆ. 2006ರಲ್ಲಿ ವಿರಾಜಪೇಟೆ ಕಡೆಯ ಹಿರಿಯರೊಬ್ಬರು ನಮ್ಮ ಅಂಗಡಿಗೆ ಒಂದು ಕ್ಯಾಸೆಟ್ ತಂದರು. 1988ರ ಪುತ್ತರಿಯ, ಅಂದರೆ ಕೊಡವರ ಸುಗ್ಗಿ ಹಬ್ಬದ ರಾತ್ರಿ ಅವರ ಐನ್‌ಮನೆಯ, ಅಂದರೆ ಮನೆತನದ ಮೂಲಮನೆಯ ಅಂಗಳದಲ್ಲಿ ನಾಲ್ವರು ದುಡಿ ಎಂಬ ಪುಟ್ಟ ವಾದ್ಯ ಹಿಡಿದು ಹಾಡಿದ ಬಾಳೋಪಾಟ್ ಎಂಬ ಜನಪದ ಹಾಡು ಅದರಲ್ಲಿತ್ತು. ಇಬ್ಬರು ಸಾಲು ಎತ್ತಿಕೊಟ್ಟರೆ ಇನ್ನಿಬ್ಬರು ಅದನ್ನೇ ತಿರುಗಿ ಹೇಳುತ್ತಾರೆ. ಟೇಪ್ ರೆಕಾರ್ಡರಿನಿಂದ ಕಂಪ್ಯೂಟರಿಗೆ ವೈರು ಕೊಟ್ಟು ಹಾಡನ್ನು ಇಳಿಸಿಕೊಳ್ಳುವಾಗ, ನಡುವೆ ಗದ್ದೆಯ ಕಡೆಯಿಂದ ಕದಿರು ಕೊಯ್ಯುವಾಗ ಹಾರಿಸಿದ ಕೋವಿಯ ಈಡು ಕೇಳಿಸಿತು, ಅದರ ಹಿಂದೆಯೇ ನಾಯಿ ಬೊಗಳಿತು. ಅದನ್ನು ತೆಗೆದು ಚೊಕ್ಕ ಮಾಡಿಕೊಡಲೇ ಎಂದೆ. ‘ಬೇಡಪ್ಪ, ಅದೂ ಪುತ್ತರಿಯೇ’ ಎಂದರು. ಐದು ಸಿಡಿ ಬರೆದುಕೊಟ್ಟೆ, ನೆಂಟರಿಗೆ ಹಂಚಿದರು.

2021ರಲ್ಲಿ ಅವರ ಮೊಮ್ಮಗ ಆ ಹಾಡನ್ನು ಹಳೆಯ ಫೋಟೊಗಳ ಜೊತೆ ಯೂಟ್ಯೂಬಿಗೆ ಹಾಕಿದ. ಗಂಟೆಯೊಳಗೆ ಕ್ಲೈಮ್ ಬಂತು. ಹಕ್ಕು ಕೇಳಿದವರ ಜಾಗದಲ್ಲಿದ್ದದ್ದು ಹಾಡುಗಳನ್ನು ಎಲ್ಲೆಡೆಗೆ ತಲುಪಿಸುವ ಒಂದು ವಿತರಣಾ ಸಂಸ್ಥೆಯ ಹೆಸರು. ಆ ಸಂಸ್ಥೆ ಹಂಚಿದ್ದ ಆಲ್ಬಮ್ ಒಂದರ ಹಾಡು ದುಡಿಯ ಸದ್ದಿನಿಂದ ಶುರುವಾಗುತ್ತಿತ್ತು. ಇಯರ್‌ಫೋನ್ ಹಾಕಿ ಕೇಳಿದೆವು. ಅದೇ ಈಡು, ಅದೇ ನಾಯಿ.

ಇಂಥ ಹಾಡು ಯಾರದು ಎಂದರೆ ಕಾಯ್ದೆ ಕೊಡುವ ಉತ್ತರ ವಿಚಿತ್ರ. ಹಾಡು ಯಾರದೂ ಅಲ್ಲ: ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡು, ಆಚಾರಗಳನ್ನು ಸಂಗ್ರಹಿಸಿ ಪಟ್ಟೋಲೆ ಪಳಮೆಯಾಗಿ ಪ್ರಕಟಿಸಿದ 1924ರ ಹೊತ್ತಿಗೇ ಅವು ತಲೆಮಾರುಗಳಷ್ಟು ಹಳೆಯವು. ಧ್ವನಿಮುದ್ರಣದ ಹಕ್ಕು ಆ ಮುದ್ರಣದ ಹೊಣೆ ಹೊತ್ತವರದು, ಅಂದರೆ ಆ ರಾತ್ರಿ ಟೇಪ್ ರೆಕಾರ್ಡರಿನ ಗುಂಡಿ ಒತ್ತಿದ ಹಿರಿಯರದು. ಹಾಡಿದ ನಾಲ್ವರಿಗೆ ಹಾಡಿದ ದಿನ ಕಾಯ್ದೆಯಲ್ಲಿ ಜಾಗವೇ ಇರಲಿಲ್ಲ. ಪ್ರದರ್ಶಕರ ಹಕ್ಕು ಬಂದದ್ದು 1994ರ ತಿದ್ದುಪಡಿಯಲ್ಲಿ. ಜನಪದ ಹಾಡುಗಳಿಗೆ ಅವುಗಳ ಸಮುದಾಯವನ್ನೇ ಒಡೆಯರೆನ್ನಬೇಕೇ ಎಂಬ ಚರ್ಚೆಗೆ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ 2000ದಲ್ಲೇ ಸಮಿತಿ ಮಾಡಿದೆ. 2024ರ ಮೇ ತಿಂಗಳಲ್ಲಿ ಒಪ್ಪಂದವೊಂದು ಹೊರಬಂತಾದರೂ ಅದು ತಳಿ ಸಂಪನ್ಮೂಲ ಮತ್ತು ಅದಕ್ಕೆ ಸೇರಿದ ಪಾರಂಪರಿಕ ಜ್ಞಾನದ್ದು. ಹಾಡು ಕುಣಿತಗಳು ಅದರೊಳಗೆ ಬರಲಿಲ್ಲ.

ಮೊಮ್ಮಗ ಆಕ್ಷೇಪ ಹಾಕಿದ. ಉತ್ತರಿಸಲು ಎದುರು ಕಡೆಯವರಿಗೆ ಮೂವತ್ತು ದಿನದ ಗಡುವು. ಯಾರೂ ಉತ್ತರಿಸಲಿಲ್ಲ; ಗಡುವು ಮುಗಿದು ಕ್ಲೈಮ್ ತಾನಾಗಿ ಬಿದ್ದುಹೋಯಿತು. ಮುಂದಿನ ಪುತ್ತರಿಗೆ ಅವನು ಅದೇ ಕ್ಯಾಸೆಟ್ಟಿನ ಆ ಹಾಡನ್ನು ಬೇರೆ ಫೋಟೊಗಳ ಜೊತೆ ಮತ್ತೆ ಹಾಕಿದ. ಕೋವಿಯ ಈಡು ಕೇಳಿಸುವ ಜಾಗಕ್ಕೆ ಗುರುತು ಮಾಡಿ, ಅದೇ ಹೆಸರಿನಲ್ಲಿ, ಕ್ಲೈಮ್ ಮತ್ತೆ ಬಂತು.