ಪದ ಪರಿಚಯ: ಬೆಂಚ್‌ಮಾರ್ಕ್ ಅಂಗವೈಕಲ್ಯ

ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ‘ಅಂಗವಿಕಲ ವ್ಯಕ್ತಿ’ ಮತ್ತು ‘ಬೆಂಚ್‌ಮಾರ್ಕ್ ಅಂಗವೈಕಲ್ಯ ಇರುವ ವ್ಯಕ್ತಿ’ ಎಂದು ಎರಡು ಬೇರೆ ವ್ಯಾಖ್ಯೆಗಳನ್ನು ಕೊಟ್ಟಿದೆ. ದೀರ್ಘಕಾಲದ ದೈಹಿಕ, ಮಾನಸಿಕ, ಬೌದ್ಧಿಕ ಅಥವಾ ಇಂದ್ರಿಯ ನ್ಯೂನತೆ ಇದ್ದು, ಸುತ್ತಲಿನ ಅಡೆತಡೆಗಳಿಂದಾಗಿ ಇತರರಿಗೆ ಸಮನಾಗಿ ಬದುಕಲು ಆಗದವರೆಲ್ಲರೂ ಮೊದಲನೆಯ ವ್ಯಾಖ್ಯೆಯೊಳಗೆ ಬರುತ್ತಾರೆ. ಅದಕ್ಕೆ ಶೇಕಡಾವಾರು ಮಿತಿಯಿಲ್ಲ. ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯ ವೈಕಲ್ಯಗಳಲ್ಲಿ ಒಂದು ಶೇ 40ಕ್ಕೆ ಕಡಿಮೆ ಇಲ್ಲ ಎಂದು ವೈದ್ಯಕೀಯ ಪ್ರಾಧಿಕಾರ ದೃಢೀಕರಿಸಿದರೆ ಮಾತ್ರ ಎರಡನೆಯ ವ್ಯಾಖ್ಯೆ ಅನ್ವಯಿಸುತ್ತದೆ.

ಸರ್ಕಾರದ ಹಣ ಬಹುಪಾಲು ಈ ಎರಡನೆಯ ಗುಂಪಿಗೇ ಹೋಗುತ್ತದೆ. ಮಾಸಾಶನ, ಉದ್ಯೋಗದಲ್ಲಿ ಶೇ 4ರ ಮೀಸಲಾತಿ, ಆದಾಯ ತೆರಿಗೆಯ ರಿಯಾಯಿತಿ ಎಲ್ಲವೂ ಶೇ 40ರಿಂದ ಶುರುವಾಗುತ್ತವೆ. ಆದರೆ ತಾರತಮ್ಯದಿಂದ ರಕ್ಷಣೆ ಮತ್ತು ಅಗತ್ಯಕ್ಕೆ ತಕ್ಕ ಅನುಕೂಲ ಪಡೆಯುವ ಹಕ್ಕು ಶೇ 40 ದಾಟದವರಿಗೂ ಇದೆ. ಪರೀಕ್ಷೆಯಲ್ಲಿ ಬರೆಯಲು ಸಹಾಯಕರನ್ನು ಕೇಳುವುದಕ್ಕೆ ಬೆಂಚ್‌ಮಾರ್ಕ್ ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ‘ನಲವತ್ತು ಬಂದಿಲ್ಲ, ನಿನಗೇನೂ ಇಲ್ಲ’ ಎಂದು ಯಾರಾದರೂ ಕಳಿಸಿಬಿಟ್ಟರೆ ಅದು ಅರ್ಧ ಸತ್ಯ.

ಈ 40 ಹೇಗೆ ಬರುತ್ತದೆ ಎಂಬುದು ಗೊತ್ತಿಲ್ಲದೆಯೇ ಹೆಚ್ಚಿನ ನಿರಾಶೆ ಹುಟ್ಟುತ್ತದೆ. ಕಷ್ಟವೆಷ್ಟು, ದುಡಿಮೆ ಎಷ್ಟು ನಿಂತಿತು ಎಂಬುದನ್ನು ಈ ಸಂಖ್ಯೆ ಅಳೆಯುವುದಿಲ್ಲ. ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ಪ್ರತಿ ವೈಕಲ್ಯಕ್ಕೂ ಅದರದ್ದೇ ಕೋಷ್ಟಕವಿದೆ, ವೈದ್ಯರು ಅದನ್ನು ಹಿಡಿದೇ ಲೆಕ್ಕ ಹಾಕುತ್ತಾರೆ. ಕಣ್ಣಿನದನ್ನು ನೋಡಿ: ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಸಿಗುವುದು ಶೇ 30. ಕಿವಿಯಲ್ಲಿ ಚೆನ್ನಾಗಿರುವ ಕಿವಿಯ ನಷ್ಟವನ್ನು 5ರಿಂದ ಗುಣಿಸಿ, ಇನ್ನೊಂದು ಕಿವಿಯ ನಷ್ಟ ಕೂಡಿಸಿ, 6ರಿಂದ ಭಾಗಿಸುತ್ತಾರೆ. ಒಂದು ಕಿವಿ ಸಂಪೂರ್ಣ ಕೇಳದವರಿಗೆ ಇದರಿಂದ ಬರುವುದು ಸುಮಾರು ಶೇ 17. ಇಬ್ಬರಿಗೂ ತೊಂದರೆ ನಿಜ, ಇಬ್ಬರೂ ಶೇ 40ರ ಗೆರೆಯ ಕೆಳಗೇ ಉಳಿಯುತ್ತಾರೆ. ಬೌದ್ಧಿಕ ವೈಕಲ್ಯದಲ್ಲಿ ಹೀಗಲ್ಲ: ಸೌಮ್ಯ ಹಂತಕ್ಕೇ ಶೇ 50, ಮಧ್ಯಮಕ್ಕೆ ಶೇ 75.

ಎರಡು ವೈಕಲ್ಯ ಇದ್ದವರು ಸಂಖ್ಯೆಗಳನ್ನು ಸುಮ್ಮನೆ ಕೂಡಿಬಿಡುತ್ತಾರೆ. ಲೆಕ್ಕ ಹಾಗಿಲ್ಲ. ಚಿಕ್ಕ ಸಂಖ್ಯೆಯನ್ನು, 90ರಿಂದ ದೊಡ್ಡ ಸಂಖ್ಯೆ ಕಳೆದು ಉಳಿದದ್ದರಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಸಂಖ್ಯೆಗೆ ಸೇರಿಸಬೇಕು. ಶೇ 30 ಮತ್ತು ಶೇ 15 ಇದ್ದರೆ 15 ಗುಣಿಸು 60, ಭಾಗಿಸು 90, ಅಂದರೆ 10. ಒಟ್ಟು ಶೇ 40, ಗೆರೆಗೆ ಸರಿಯಾಗಿ. ಅದೇ ಶೇ 27 ಮತ್ತು ಶೇ 15 ಇದ್ದರೆ ಬಾಯಿಲೆಕ್ಕಕ್ಕೆ 42, ಸೂತ್ರಕ್ಕೆ 37.5. ಆದ್ದರಿಂದ ಎರಡನೆಯ ವೈಕಲ್ಯ ಸಣ್ಣದಾದರೂ ಅರ್ಜಿಯಲ್ಲಿ ಬರೆಯಲೇಬೇಕು. ಬಿಟ್ಟರೆ ಪ್ರಮಾಣಪತ್ರ ಕೊಡುವ ವೈದ್ಯಕೀಯ ಮಂಡಳಿ ಅದನ್ನು ಪರೀಕ್ಷಿಸದೇ ಹೋಗಬಹುದು.

ಪ್ರಮಾಣಪತ್ರ ಕೈಗೆ ಬಂದಾಗ ಸಂಖ್ಯೆಯ ಜೊತೆ ಇನ್ನೆರಡು ಕಡೆ ಕಣ್ಣಾಡಿಸಿ. ಶೇಕಡಾವಾರು ದೇಹದ ಯಾವ ಭಾಗಕ್ಕೆ ಸಂಬಂಧಿಸಿದ್ದು ಎಂದು ಅಲ್ಲಿ ನಮೂದಾಗಿರುತ್ತದೆ. ಒಂದು ಕಾಲಿನ ಶೇ 45 ಇಡೀ ದೇಹದ ಶೇ 45 ಅಲ್ಲ, ಅಪಘಾತ ಪರಿಹಾರದ ಮೊಕದ್ದಮೆಗಳಲ್ಲಿ ಈ ವ್ಯತ್ಯಾಸ ದೊಡ್ಡದು. ಇನ್ನೊಂದು, ವೈಕಲ್ಯ ಶಾಶ್ವತವೋ ತಾತ್ಕಾಲಿಕವೋ ಎಂಬುದು. ತಾತ್ಕಾಲಿಕವಾದರೆ ಅವಧಿ ಮುಗಿಯುವ ದಿನಾಂಕ ಇರುತ್ತದೆ. ಅದರ ಎರಡು ಮೂರು ತಿಂಗಳ ಮುಂಚೆಯೇ ಮರುಪರೀಕ್ಷೆಗೆ ಅರ್ಜಿ ಹಾಕದಿದ್ದರೆ ಸೌಲಭ್ಯ ನಡುವೆ ನಿಂತುಹೋಗುವ ಅಪಾಯವಿದೆ.

ಯುಡಿಐಡಿ ಕಾರ್ಡಿನ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಬಣ್ಣ ಇದೇ ಗೆರೆಗಳನ್ನು ತೋರಿಸುತ್ತದೆ: ಶೇ 40ಕ್ಕಿಂತ ಕಡಿಮೆಗೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲಕ್ಕೆ ನೀಲಿ. ಅರ್ಜಿ ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದಕ್ಕೆ ನೆರವಾಗುತ್ತಾರೆ.

ಶೇ 40 ದಾಟಿದ ಮೇಲೂ ಗೆರೆಗಳು ಮುಗಿಯುವುದಿಲ್ಲ. ಕರ್ನಾಟಕದ ಮಾಸಾಶನದಲ್ಲಿ ಮುಂದಿನ ಗೆರೆ ಶೇ 75: ಅದರ ಕೆಳಗಿನವರ ಮೊತ್ತವನ್ನು 2021ರಲ್ಲಿ 600 ರೂಪಾಯಿಯಿಂದ 800ಕ್ಕೆ ಏರಿಸಲಾಯಿತು, ಮೇಲಿನವರಿಗೆ ಅದಕ್ಕಿಂತ ಹೆಚ್ಚು. ಕೇಂದ್ರದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿಯ ಗೆರೆ ಶೇ 80, ಕೇಂದ್ರದ ಪಾಲು 79 ವರ್ಷದವರೆಗೆ ತಿಂಗಳಿಗೆ 300 ರೂಪಾಯಿ ಮಾತ್ರ. ಹಳೆಯ ತೆರಿಗೆ ಪದ್ಧತಿಯಲ್ಲಿ ಶೇ 40 ಇದ್ದವರಿಗೆ 75,000, ಶೇ 80 ಇದ್ದವರಿಗೆ 1,25,000 ರೂಪಾಯಿ ತೆರಿಗೆಗೆ ಒಳಪಡುವ ಆದಾಯದಿಂದ ಕಡಿತವಾಗುತ್ತದೆ. ಅವಲಂಬಿತರನ್ನು ಸಾಕುವ ಕುಟುಂಬದವರಿಗೂ ಇದು ಉಂಟು. ಮಾಸಾಶನಕ್ಕೆ ವೈಕಲ್ಯದ ಜೊತೆ ಆದಾಯ ಪ್ರಮಾಣಪತ್ರವೂ ಬೇಕು. ಮಂಜೂರಾದ ಮೇಲೂ ಹಣ ಬಾರದಿದ್ದರೆ ಮೊದಲು ಬ್ಯಾಂಕಿನಲ್ಲಿ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ, ಖಾತೆ ನಿಷ್ಕ್ರಿಯವಾಗಿದೆಯೇ ಎಂದು ವಿಚಾರಿಸಿ.

ಮಂಡಳಿ ಕೊಟ್ಟ ಸಂಖ್ಯೆ ತಪ್ಪೆನಿಸಿದರೆ 90 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ಪ್ರಮಾಣಪತ್ರ ನಿರಾಕರಿಸಿದ್ದರೆ ಕಾರಣವನ್ನು ಬರಹದಲ್ಲಿ ಕೊಡಬೇಕು. ಅದನ್ನು ಕೇಳಿ ಪಡೆಯಿರಿ, ಮೇಲ್ಮನವಿ ನಿಲ್ಲುವುದು ಅದರ ಮೇಲೆಯೇ.

ಆರೈಕೆ ಮಾಡುವವರ ವಿಷಯದಲ್ಲಿ ಈ ಪದ ಮೊದಲ ಮೆಟ್ಟಿಲಷ್ಟೇ. ಬೆಂಚ್‌ಮಾರ್ಕ್ ದಾಟಿದವರಲ್ಲೇ ‘ಹೆಚ್ಚಿನ ಬೆಂಬಲದ ಅಗತ್ಯವಿರುವವರು’ ಎಂಬ ಗುಂಪನ್ನು ಕಾಯ್ದೆ ಬೇರೆ ಗುರುತಿಸಿದೆ. ಅಂಥವರಿಗೆ ಆರೈಕೆದಾರರ ಭತ್ಯೆ ಕೊಡುವ ಮಾತು 24ನೇ ಸೆಕ್ಷನ್‌ನಲ್ಲಿದೆ, ಸಂಬಳವಿಲ್ಲದೆ ನೋಡಿಕೊಳ್ಳುವ ತಂದೆತಾಯಿಯನ್ನೂ ಆರೈಕೆದಾರರೆಂದೇ ಕಾಯ್ದೆ ಒಪ್ಪುತ್ತದೆ. ಕರ್ನಾಟಕದ 2024-25ರ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಲಾಯಿತು. ಇಲ್ಲಿ ಶೇಕಡಾವಾರಿನಷ್ಟೇ ಕಾಯಿಲೆಯ ಹೆಸರೂ ಮುಖ್ಯ. ಪ್ರಮಾಣಪತ್ರದಲ್ಲಿ ಬರೀ ‘ಚಲನವೈಕಲ್ಯ’ ಎಂದಿದ್ದು ರೋಗದ ಹೆಸರಿಲ್ಲದಿದ್ದರೆ, ಅದನ್ನು ಸೇರಿಸಿಕೊಡುವಂತೆ ಮಂಡಳಿಯನ್ನು ಮೊದಲೇ ಕೇಳಬೇಕು.