ಸ್ಪೈರೋಮೀಟರಿನಿಂದ ಕೇಸ್ ಶೀಟಿನವರೆಗೆ: ವೈದ್ಯಕೀಯ ಶಿಕ್ಷಣದಲ್ಲಿ ಸಮತೆಯ ಪಾಠ

ದಾವಣಗೆರೆಯಲ್ಲಿ ಈ ವರ್ಷ ವಾರ್ಡ್ ಪೋಸ್ಟಿಂಗ್ ಆರಂಭಿಸುತ್ತಿರುವ ಕಿರಿಯರಿಗಾಗಿ ಈ ಟಿಪ್ಪಣಿ. 2019ರಿಂದ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ ವರ್ತನೆ, ನೀತಿ, ಸಂವಹನಗಳನ್ನು ಕಲಿಸುವ ಎಟ್‌ಕಾಮ್ ಪಾಠಗಳು ಸೇರಿಕೊಂಡಿವೆ. ಸಮತೆ, ಜನಾಂಗಭೇದ, ಒಳಗೊಳ್ಳುವಿಕೆ ಎಲ್ಲವೂ ಆ ತರಗತಿಗೆ ಸೇರಿದ ವಿಷಯಗಳು ಎಂದುಕೊಂಡು ಹಾಜರಿ ಹಾಕಿಸಿ ಎದ್ದು ಬರುವವರೇ ಹೆಚ್ಚು. ಈ ವಿಷಯ ಶರೀರಕ್ರಿಯಾಶಾಸ್ತ್ರದ ಒಳಗೂ ಇದೆ, ಚರ್ಮರೋಗದ ಪಾಠದ ಒಳಗೂ ಇದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ರೋಗಿಗೆ ಆಗುವ ಅನ್ಯಾಯಕ್ಕೆ ಯಾರೂ ಕೆಟ್ಟವರಾಗಿರಬೇಕಿಲ್ಲ. ಯಂತ್ರದ ಲೆಕ್ಕಾಚಾರದಲ್ಲಿ, ಪುಸ್ತಕದ ಚಿತ್ರದಲ್ಲಿ, ಕೇಸ್ ಶೀಟಿನ ಒಂದು ಸಾಲಿನಲ್ಲಿ ಅದು ಸದ್ದಿಲ್ಲದೆ ಸೇರಿಕೊಂಡಿರುತ್ತದೆ.

ಸಮಾನತೆಗೂ ಸಮತೆಗೂ ಇರುವ ವ್ಯತ್ಯಾಸವನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. ಡಿಸ್ಚಾರ್ಜ್ ಆದ ಎಲ್ಲರಿಗೂ "ವಾರಕ್ಕೊಮ್ಮೆ ಬಂದು ತೋರಿಸಿ" ಎಂದು ಬರೆದುಕೊಟ್ಟರೆ ಅದು ಸಮಾನತೆ. ವಿದ್ಯಾನಗರದವರು ಆಟೊ ಹತ್ತಿ ಬರುತ್ತಾರೆ. ಜಗಳೂರು ಕಡೆಯ ಹಳ್ಳಿಯ ಕೂಲಿಯವರು ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ ಬದಲಾಯಿಸಿ ಬರಬೇಕು. ಅವರ ಊರಿನ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಬಿ.ಪಿ. ನೋಡಿಸುವ ವ್ಯವಸ್ಥೆ ಮಾಡಿ, ತಿಂಗಳಿಗೊಮ್ಮೆ ಮಾತ್ರ ಕರೆಸಿಕೊಳ್ಳುವುದು ಸಮತೆ.

ಸ್ಪೈರೋಮೀಟರ್ ಹೇಳುವ ಕಥೆ

ಉಸಿರಿನ ಪ್ರಮಾಣವನ್ನು ಅಳೆಯುವ ಸ್ಪೈರೋಮೀಟರಿನ ಮುಂದೆ ರೋಗಿಯನ್ನು ಕೂರಿಸಿದಾಗ ತಂತ್ರಜ್ಞರು ಎತ್ತರ, ವಯಸ್ಸು, ಲಿಂಗದ ಜೊತೆಗೆ ಜನಾಂಗವನ್ನೂ ಯಂತ್ರಕ್ಕೆ ತುಂಬುತ್ತಾರೆ. ಹಲವು ಯಂತ್ರಗಳಲ್ಲಿ ಇದಕ್ಕೊಂದು ಪ್ರತ್ಯೇಕ ಕಾಲಂ ಇದೆ. ಅದು ಎಲ್ಲಿಂದ ಬಂತು ಎಂಬುದನ್ನು ತಿಳಿಯದೆ ಈ ಪರೀಕ್ಷೆಯ ಫಲಿತಾಂಶ ಓದುವುದು ಸರಿಯಲ್ಲ.

1840ರ ದಶಕದಲ್ಲಿ ಲಂಡನ್ನಿನ ಜಾನ್ ಹಚಿನ್ಸನ್ ಸ್ಪೈರೋಮೀಟರನ್ನು ರೂಪಿಸಿದರು. ಅದು ಅಮೆರಿಕಕ್ಕೆ ಹೋದಾಗ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ ಅದನ್ನು ಗುಲಾಮರ ಮೇಲೆ ಬಳಸಿದ. ಕಪ್ಪು ಜನರ ಶ್ವಾಸಕೋಶದ ಸಾಮರ್ಥ್ಯ ಬಿಳಿಯರಿಗಿಂತ ಸುಮಾರು ಶೇ. 20ರಷ್ಟು ಕಡಿಮೆ, ದುಡಿಮೆಯೇ ಅವರಿಗೆ ಔಷಧ ಎಂದು ವಾದಿಸಿದ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಓಡುವುದನ್ನೇ ಒಂದು ಮನೋರೋಗವೆಂದು ಸಾರಿ, ಅದಕ್ಕೆ 1851ರಲ್ಲಿ ಡ್ರೇಪಿಟೋಮೇನಿಯಾ ಎಂದು ಹೆಸರಿಟ್ಟವನೂ ಇವನೇ. ಗುಲಾಮಗಿರಿ ಮುಗಿಯಿತು, ಆದರೆ "ಕಪ್ಪು ಜನರ ಶ್ವಾಸಕೋಶ ಹುಟ್ಟಿನಿಂದಲೇ ಚಿಕ್ಕದು" ಎಂಬ ನಂಬಿಕೆ ಯಂತ್ರದೊಳಗೆ ಉಳಿದುಕೊಂಡಿತು. ಕಪ್ಪು ವರ್ಣೀಯರಿಗೆ ಶೇ. 10ರಿಂದ 15, ಏಷ್ಯಾದವರಿಗೆ ಶೇ. 4ರಿಂದ 6ರಷ್ಟು ನಿರೀಕ್ಷಿತ ಮೌಲ್ಯವನ್ನು (ಆರೋಗ್ಯವಂತರು ಊದಬೇಕಾದ ಪ್ರಮಾಣವನ್ನು) ತಗ್ಗಿಸುವುದು ವಾಡಿಕೆಯಾಯಿತು. 1999ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಕಲ್ನಾರಿನ ಧೂಳಿನಿಂದ ಕಾಯಿಲೆಬಿದ್ದ ಕಾರ್ಮಿಕರು ಪರಿಹಾರ ಕೇಳಿದಾಗ, ಕಪ್ಪು ಕಾರ್ಮಿಕರು ಬಿಳಿಯರಿಗಿಂತ ಹೆಚ್ಚಿನ ಹಾನಿಯನ್ನು ತೋರಿಸಬೇಕು ಎಂದು ಕಂಪನಿಯೊಂದು ಇದೇ ತಿದ್ದುಪಡಿಯನ್ನು ಮುಂದಿಟ್ಟಿತ್ತು. ನ್ಯಾಯಾಧೀಶರು ಒಪ್ಪಲಿಲ್ಲ.

ಇದು ನಮಗೇಕೆ? ನಮ್ಮ ದೇಶದಲ್ಲೂ ನಿರೀಕ್ಷಿತ ಮೌಲ್ಯ ಲೆಕ್ಕಹಾಕಲು ಯುರೋಪಿನವರಿಗಾಗಿ ಮಾಡಿದ ಸಮೀಕರಣವನ್ನು 0.90ರಿಂದ ಗುಣಿಸಿ ಬಳಸುವ ರೂಢಿ ಬಹಳ ಕಾಲದಿಂದ ಇದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ದುಡಿಯುವ ನಲವತ್ತರ ಆಸುಪಾಸಿನ ಕಾರ್ಮಿಕರೊಬ್ಬರನ್ನು ಊಹಿಸಿಕೊಳ್ಳಿ. ಕಾದ ಮರಳಿನಲ್ಲಿ ಅಕ್ಕಿ ಅರಳಿಸುವ ಕೆಲಸ, ಒಲೆಗೆ ಭತ್ತದ ಹೊಟ್ಟು, ದಿನವಿಡೀ ಹೊಗೆ. ದಮ್ಮು ಎಂದು ಹೇಳಿಕೊಂಡು ಬಂದಿದ್ದಾರೆ. ಜೋರಾಗಿ ಊದಿಸಿದಾಗ ಸಿಕ್ಕಿದ್ದು 3 ಲೀಟರ್. ನಿರೀಕ್ಷಿತ ಮೌಲ್ಯ 4 ಲೀಟರ್ ಎಂದಿಟ್ಟರೆ ಶೇ. 75, ಅಂದರೆ ಹಳೆಯ ಶೇ. 80ರ ಗಡಿಯ ಕೆಳಗೆ. ತಿದ್ದುಪಡಿ ಹಾಕಿದರೆ ನಿರೀಕ್ಷೆ 3.6 ಲೀಟರ್‌ಗೆ ಇಳಿಯುತ್ತದೆ, ಅದೇ ಉಸಿರು ಶೇ. 83 ಆಗುತ್ತದೆ, ವರದಿಯಲ್ಲಿ ನಾರ್ಮಲ್ ಎಂದು ಬರುತ್ತದೆ. ಮನುಷ್ಯ ಅವರೇ, ಹೊಗೆಯೂ ಅದೇ, ಕಾಯಿಲೆ ಮಾತ್ರ ಕಾಗದದಿಂದ ಮಾಯ!

ಇಲ್ಲಿ ಒಂದು ಎಚ್ಚರಿಕೆ ಬೇಕು. ಭಾರತೀಯರ ಸರಾಸರಿ ಶ್ವಾಸಕೋಶದ ಗಾತ್ರ ಯುರೋಪಿನವರಿಗಿಂತ ಕಡಿಮೆ ಬರುವುದು ಸುಳ್ಳಲ್ಲ. ಪ್ರಶ್ನೆ ಏಕೆ ಎಂಬುದು. ಹುಟ್ಟುವಾಗಿನ ತೂಕ, ಬಾಲ್ಯದ ಪೌಷ್ಟಿಕತೆ, ಸೌದೆ ಒಲೆಯ ಹೊಗೆ, ದೇಹದ ಅನುಪಾತ ಎಲ್ಲವೂ ಇದರಲ್ಲಿ ಪಾಲುದಾರರು. ಇವುಗಳನ್ನೆಲ್ಲ ಒಟ್ಟಿಗೆ ಜನಾಂಗದ ಖಾತೆಗೆ ಬರೆದುಬಿಟ್ಟರೆ ಬಡತನದಿಂದಾದ ಹಾನಿ ಪ್ರಕೃತಿಯ ನಿಯಮವಾಗಿ ಕಾಣುತ್ತದೆ. 2012ರ ಜಾಗತಿಕ ಶ್ವಾಸಕೋಶ ಸಮೀಕರಣಗಳಲ್ಲಿ ನಮಗೆ ಪ್ರತ್ಯೇಕ ಗುಂಪೇ ಇರಲಿಲ್ಲ, "ಇತರೆ"ಯಲ್ಲಿ ನಿಲ್ಲಬೇಕಿತ್ತು. 2023ರಲ್ಲಿ ಅಮೆರಿಕನ್ ಥೊರಾಸಿಕ್ ಸೊಸೈಟಿ ಜನಾಂಗವನ್ನು ಕೇಳದ ಸಮೀಕರಣವನ್ನು ಬಳಸಲು ಶಿಫಾರಸು ಮಾಡಿತು. ಹಾಗೆಂದು ಎಲ್ಲವೂ ಬಗೆಹರಿಯಿತು ಎನ್ನಲಾಗದು. ಅದನ್ನು ಬಳಸಿದರೆ ಕೆಲವರಿಗೆ ಹೊಸದಾಗಿ ಕಾಯಿಲೆಯ ಹಣೆಪಟ್ಟಿ ಬೀಳಬಹುದು, ಕೆಲಸ ತಪ್ಪಬಹುದು, ಶಸ್ತ್ರಚಿಕಿತ್ಸೆಗೆ ಅನರ್ಹರೆನಿಸಬಹುದು. ಹಾಗಾಗಿ ನೀವು ಮಾಡಬೇಕಾದದ್ದು ಇಷ್ಟು: ವರದಿಯ ಮೂಲೆಯಲ್ಲಿ ಯಾವ ಸಮೀಕರಣ ಬಳಸಿದ್ದಾರೆ ಎಂದು ನೋಡಿ, ಶೇಕಡಾವಾರಿಗಿಂತ ಸಾಮಾನ್ಯ ಮಟ್ಟದ ಕೆಳಮಿತಿಯನ್ನು ನೋಡಿ, ರೋಗಿಯ ಕೆಲಸವೇನೆಂದು ಕೇಳಿ, ಒಂದೇ ವರದಿಯನ್ನು ನಂಬದೆ ಆರು ತಿಂಗಳ ನಂತರದ ವರದಿಯೊಂದಿಗೆ ಹೋಲಿಸಿ.

ಮೂತ್ರಪಿಂಡದ ಲೆಕ್ಕದಲ್ಲೂ ಇದೇ ಕಥೆ. ಮೂತ್ರಪಿಂಡ ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂದು ಅಂಕಿಯಲ್ಲಿ ಅಂದಾಜಿಸುವ ಎಂ.ಡಿ.ಆರ್.ಡಿ. ಸಮೀಕರಣ ಕಪ್ಪು ವರ್ಣೀಯರ ಫಲಿತಾಂಶವನ್ನು 1.212ರಿಂದ, 2009ರ ಸಿ.ಕೆ.ಡಿ.-ಎಪಿ ಸಮೀಕರಣ 1.159ರಿಂದ ಗುಣಿಸುತ್ತಿತ್ತು. ಅವರ ಸ್ನಾಯು ಹೆಚ್ಚು ಎಂಬುದು ಕೊಟ್ಟ ಕಾರಣ. ಅಮೆರಿಕದಲ್ಲಿ ಕಸಿಗಾಗಿ ಕಾಯುವವರ ಪಟ್ಟಿಯಲ್ಲಿ ಸಮಯ ಎಣಿಕೆಯಾಗಲು ಈ ಅಂಕಿ 20 ಅಥವಾ ಅದಕ್ಕಿಂತ ಕಡಿಮೆ ಇರಬೇಕು. 18 ಬಂದವರನ್ನು 1.159ರಿಂದ ಗುಣಿಸಿ ನೋಡಿ, 20 ದಾಟುತ್ತದೆ. ಕಾಯುವ ಸಮಯದ ಎಣಿಕೆ ಶುರುವಾಗುತ್ತಲೇ ಇರಲಿಲ್ಲ. 2021ರಲ್ಲಿ ಜನಾಂಗವಿಲ್ಲದ ಸಮೀಕರಣ ಬಂತು.

ಹಾಗಾದರೆ ರೋಗಿಯ ಜನಾಂಗಮೂಲವನ್ನು ಎಲ್ಲಿಯೂ ಕೇಳಲೇಬಾರದೇ? ಕೇಳಬೇಕು. ಭಾರತೀಯರಲ್ಲಿ ಕಡಿಮೆ ತೂಕಕ್ಕೇ ಮಧುಮೇಹ ಬರುವುದರಿಂದ ನಾವು ದೇಹತೂಕ ಸೂಚ್ಯಂಕ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ಪರಿಗಣಿಸುತ್ತೇವೆ. ಕುಡುಗೋಲು ಕಣದ (ಸಿಕಲ್ ಸೆಲ್) ರಕ್ತಹೀನತೆ ಚಾಮರಾಜನಗರದ ಬುಡಕಟ್ಟುಗಳಲ್ಲಿ ಹೆಚ್ಚು ಕಂಡುಬರುತ್ತದೆ, ಅಲ್ಲಿ ಅದನ್ನು ಹುಡುಕದಿರುವುದೇ ಅನ್ಯಾಯ. ಎರಡಕ್ಕೂ ಇರುವ ಅಂತರ ಸ್ಪಷ್ಟ: ಒಂದು ಕಡೆ ಅಪಾಯವನ್ನು ಬೇಗ ಹಿಡಿಯಲು ಮೂಲವನ್ನು ಕೇಳುತ್ತಿದ್ದೇವೆ, ಇನ್ನೊಂದು ಕಡೆ ಇರುವ ಹಾನಿಯನ್ನು ಸಹಜವೆಂದು ತಳ್ಳಿಹಾಕಲು ಕೇಳುತ್ತಿದ್ದೇವೆ.

ಕಂದು ಚರ್ಮದ ಮೇಲೆ ಕೆಂಪು ಹೇಗೆ ಕಾಣುತ್ತದೆ?

ನಮ್ಮ ಪಠ್ಯಪುಸ್ತಕಗಳು ಉರಿಯೂತದ ಮೊದಲ ಲಕ್ಷಣ ಕೆಂಪು ಎನ್ನುತ್ತವೆ. ಚಿತ್ರಗಳಲ್ಲಿರುವುದು ಹೆಚ್ಚಾಗಿ ಬಿಳಿ ಚರ್ಮ. ಲಂಡನ್ನಿನ ಸೇಂಟ್ ಜಾರ್ಜ್ಸ್‌ನಲ್ಲಿ ವೈದ್ಯಕೀಯ ಓದುತ್ತಿದ್ದ ಮಲೋನ್ ಮುಕ್ವೆಂಡೆ ಈ ಕೊರತೆಯನ್ನು ಕಂಡು, ಕಪ್ಪು ಮತ್ತು ಕಂದು ಚರ್ಮದ ಮೇಲೆ ರೋಗಲಕ್ಷಣಗಳು ಹೇಗೆ ಕಾಣುತ್ತವೆ ಎಂಬ ಕೈಪಿಡಿಯನ್ನು 2020ರಲ್ಲಿ ತನ್ನ ಶಿಕ್ಷಕರೊಡನೆ ಸೇರಿ ಹೊರತಂದ. ಒಬ್ಬ ವಿದ್ಯಾರ್ಥಿ ಕೇಳಿದ ಪ್ರಶ್ನೆಯಿಂದ ಹುಟ್ಟಿದ ಕೆಲಸವಿದು, ಅದಕ್ಕೇ ನನಗೆ ಇದರ ಮೇಲೆ ವಿಶೇಷ ಗೌರವ.

ಬಿಸಿಲಿನಲ್ಲಿ ದುಡಿದು ಕಪ್ಪಾದ ಕಾಲಿನ ಮೇಲೆ ಸೆಲ್ಯುಲೈಟಿಸ್ (ಚರ್ಮದಡಿಯ ಸೋಂಕು) ಬಂದರೆ ಕೆಂಪು ಕಾಣದು. ನೇರಳೆ ಅಥವಾ ಬೂದು ಛಾಯೆ, ಕೆಲವೊಮ್ಮೆ ಸುತ್ತಲಿನ ಚರ್ಮಕ್ಕಿಂತ ಇನ್ನೂ ಕಪ್ಪು. ಹಗಲು ಬೆಳಕಿಗೆ ಎರಡೂ ಕಾಲುಗಳನ್ನು ಅಕ್ಕಪಕ್ಕ ಚಾಚಿಸಿ. ನಿಮ್ಮ ಅಂಗೈ ಬಿಟ್ಟು ಬೆರಳುಗಳ ಹಿಂಭಾಗವನ್ನು ಮೊದಲು ಚೆನ್ನಾಗಿರುವ ಕಾಲಿನ ಮೇಲೆ, ನಂತರ ನೋವಿರುವ ಕಾಲಿನ ಮೇಲೆ ಇಡಿ, ಬಿಸಿ ಎಲ್ಲಿ ಆರಂಭವಾಗುತ್ತದೆ ಎಂದು ಹುಡುಕಿ. ಅಲ್ಲಿ ಚರ್ಮ ಬಿಗಿದು ಹೊಳೆಯುತ್ತಿರುತ್ತದೆ, ಒತ್ತಿದರೆ ಗಟ್ಟಿ. ಆ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಸಮಯ ಬರೆಯಿರಿ. ಹಾಸಿಗೆ ಹುಣ್ಣಿನ ಮೊದಲ ಹಂತಕ್ಕೂ ಇದೇ ಮಾತು: ಕೆಂಪಿಗಾಗಿ ಕಾಯುತ್ತಾ ಕೂತರೆ ಹುಣ್ಣು ಒಡೆದ ಮೇಲೆಯೇ ಗೊತ್ತಾಗುವುದು. ಆಮ್ಲಜನಕ ಕಡಿಮೆಯಾಗಿ ನೀಲಿಗಟ್ಟಿದೆಯೇ ಎಂದು ತಿಳಿಯಲು ನಾಲಿಗೆ, ಬಾಯಿಯ ಒಳಪದರ ನೋಡಿ. ರಕ್ತಹೀನತೆಗೆ ಕೆಳರೆಪ್ಪೆಯ ಒಳಭಾಗ.

ಪಲ್ಸ್ ಆಕ್ಸಿಮೀಟರ್ ಕೂಡ ಬೆರಳಿನೊಳಗೆ ಬೆಳಕು ಹಾಯಿಸಿಯೇ ಅಳೆಯುತ್ತದೆ, ಚರ್ಮದ ಮೆಲನಿನ್ ಆ ಬೆಳಕನ್ನು ಹೀರುತ್ತದೆ. 2020ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನದಲ್ಲಿ, ಯಂತ್ರ 92ರಿಂದ 96 ತೋರಿಸುತ್ತಿದ್ದರೂ ರಕ್ತದಲ್ಲಿ ಆಮ್ಲಜನಕ 88ಕ್ಕಿಂತ ಕೆಳಗಿದ್ದದ್ದು ಕಪ್ಪು ರೋಗಿಗಳ ಶೇ. 11.7ರಷ್ಟು ಪರೀಕ್ಷೆಗಳಲ್ಲಿ, ಬಿಳಿಯರಲ್ಲಿ ಶೇ. 3.6. ಅಲ್ಲಿನ ಅಂಕಿಯನ್ನು ನಮ್ಮವರ ಮೇಲೆ ಹಾಗೆಯೇ ಹಚ್ಚಬೇಡಿ. ಆದರೆ 94 ಎಂದು ತೋರಿಸುತ್ತಿರುವಾಗ ರೋಗಿ ಏದುಸಿರು ಬಿಡುತ್ತಿದ್ದರೆ ಯಂತ್ರಕ್ಕಿಂತ ರೋಗಿಯನ್ನು ನಂಬಿ, ನಿಮಿಷಕ್ಕೆ ಎಷ್ಟು ಉಸಿರು ಎಂದು ಎಣಿಸಿ, ಅಪಧಮನಿಯ ರಕ್ತಪರೀಕ್ಷೆ ಕೇಳಿ.

ನೋವಿನ ವಿಷಯ ಒಂದೇ ಮಾತಿನಲ್ಲಿ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಅಮೆರಿಕದ ವರ್ಜೀನಿಯಾದಲ್ಲಿ ಬಿಳಿಯ ವೈದ್ಯ ವಿದ್ಯಾರ್ಥಿಗಳನ್ನೂ ರೆಸಿಡೆಂಟ್‌ಗಳನ್ನೂ ಕೇಳಿದಾಗ, ಕಪ್ಪು ಜನರ ಚರ್ಮ ದಪ್ಪ ಎಂಬಂಥ ಸುಳ್ಳು ನಂಬಿಕೆಗಳಲ್ಲಿ ಒಂದನ್ನಾದರೂ ಸುಮಾರು ಅರ್ಧದಷ್ಟು ಜನ ಒಪ್ಪಿದ್ದರು, ಒಪ್ಪಿದವರು ಕಪ್ಪು ರೋಗಿಯ ನೋವನ್ನು ಕಡಿಮೆ ಎಂದು ಅಂದಾಜಿಸಿದ್ದರು. ಹೆರಿಗೆ ಕೋಣೆಯಲ್ಲಿ "ಹಳ್ಳಿಯವರು, ತಡೆದುಕೊಳ್ಳುತ್ತಾರೆ" ಎಂಬ ಮಾತು ಕೇಳಿದಾಗ ಈ ಅಧ್ಯಯನ ನೆನಪಾಗಲಿ.

ನಮ್ಮ ತರಗತಿಯೊಳಗೆ

ಜಾತಿಯನ್ನು ಜನಾಂಗದ ಜಾಗದಲ್ಲಿಟ್ಟು ಓದಿದರೆ ಎರಡೂ ಅರ್ಥವಾಗುವುದಿಲ್ಲ. ಜಾತಿ ಚರ್ಮದ ಮೇಲೆ ಕಾಣದು, ಅದನ್ನು ಹುಡುಕುತ್ತಾರೆ: ಅಡ್ಡಹೆಸರು, ಊರು, ನೀಟ್ ರ‍್ಯಾಂಕ್. ವೈವಾ (ಮೌಖಿಕ ಪರೀಕ್ಷೆ) ಮೇಜಿನ ಆಚೆ ಕೂತವರು "ನಿನ್ನ ರ‍್ಯಾಂಕ್ ಎಷ್ಟು?" ಎಂದು ಕೇಳಿದರೆ ಅದು ಕುಶಲ ವಿಚಾರಣೆಯಂತೆ ಕಾಣಬಹುದು, ಉತ್ತರಿಸುವವರಿಗೆ ಅದರ ಭಾರ ಗೊತ್ತು. ದೆಹಲಿಯ ಏಮ್ಸ್‌ನಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳ ಮೇಲಿನ ತಾರತಮ್ಯವನ್ನು ಪರಿಶೀಲಿಸಿದ ಸುಖದೇವ್ ಥೋರಟ್ ಸಮಿತಿ 2007ರಲ್ಲಿ ವರದಿ ಕೊಟ್ಟಿತು. ಪರೀಕ್ಷೆಯ ಮೌಲ್ಯಮಾಪನ, ಶಿಕ್ಷಕರ ನಡವಳಿಕೆ, ಹಾಸ್ಟೆಲ್ ಜೀವನ ಎಲ್ಲ ಕಡೆಯೂ ಭೇದ ಕಂಡದ್ದನ್ನು ಅದು ದಾಖಲಿಸಿತು. ಆ ವರದಿಯನ್ನು ಪ್ರತಿಯೊಬ್ಬ ವೈದ್ಯ ವಿದ್ಯಾರ್ಥಿ ಓದಬೇಕು ಎನ್ನುವೆ.

ಅಂಗವೈಕಲ್ಯದ ವಿಷಯದಲ್ಲಿ ಕಾನೂನು ನಮಗಿಂತ ಮುಂದೆ ನಡೆದಿದೆ. 2024ರ ಅಕ್ಟೋಬರಿನಲ್ಲಿ ಓಂಕಾರ್ ಗೋಂಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವೈಕಲ್ಯದ ಶೇಕಡಾವಾರು ಅಂಕಿಯೊಂದನ್ನೇ ನೋಡಿ ಎಂ.ಬಿ.ಬಿ.ಎಸ್. ಪ್ರವೇಶ ನಿರಾಕರಿಸುವಂತಿಲ್ಲ, ಅಭ್ಯರ್ಥಿ ಏನು ಮಾಡಬಲ್ಲರು ಎಂಬುದನ್ನು ಅಂಗವೈಕಲ್ಯ ಮೌಲ್ಯಮಾಪನ ಮಂಡಳಿ ಪರಿಶೀಲಿಸಬೇಕು ಎಂದಿತು. "ಎರಡೂ ಕೈಗಳು ಸರಿಯಾಗಿರಬೇಕು" ಎಂಬ ಷರತ್ತನ್ನೂ 2025ರಲ್ಲಿ ಒಪ್ಪಲಿಲ್ಲ.

ಪಠ್ಯವೂ ನಿಂತ ನೀರಲ್ಲ. ಅತ್ಯಾಚಾರ ಸಂತ್ರಸ್ತೆಯರ ಮೇಲೆ ನಡೆಸುತ್ತಿದ್ದ ಎರಡು ಬೆರಳಿನ ಪರೀಕ್ಷೆಯನ್ನು ಸುಪ್ರೀಂ ಕೋರ್ಟ್ 2013ರಲ್ಲೇ ಖಂಡಿಸಿತ್ತು. 2022ರಲ್ಲಿ, ಅದನ್ನು ವೈದ್ಯಕೀಯ ಪಠ್ಯದಿಂದ ಕಿತ್ತುಹಾಕಲು ಕ್ರಮ ಕೈಗೊಳ್ಳಿ ಎಂದು ಆದೇಶಿಸಿತು. ಎಂ.ಬಿ.ಬಿ.ಎಸ್. ಪಠ್ಯಕ್ರಮದ 2024ರ ಹೊಸ ಮಾರ್ಗಸೂಚಿ ಸಲಿಂಗ ಸಂಬಂಧವನ್ನು ಮತ್ತೆ ಅಸಹಜ ಲೈಂಗಿಕ ಅಪರಾಧಗಳ ಪಟ್ಟಿಗೆ ಸೇರಿಸಿದಾಗ ದೇಶದಾದ್ಯಂತ ವಿರೋಧ ಬಂದು, ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಹಳೆಯ ವಿಧಿವಿಜ್ಞಾನ ಪುಸ್ತಕ ಓದುವಾಗ ಮುದ್ರಣದ ವರ್ಷ ನೋಡಿಕೊಳ್ಳಿ.

ಹಾಸಿಗೆಯ ಪಕ್ಕದ ಮಾತು

ಒಂದೇ ವಾರ್ಡ್‌ನಲ್ಲಿ, ಒಂದೇ ರೌಂಡ್ಸ್‌ನಲ್ಲಿ, ಇಸ್ತ್ರಿ ಅಂಗಿಯವರಿಗೆ "ಹೇಗಿದ್ದೀರಿ ಸರ್" ಎಂದೂ, ಪಕ್ಕದ ಹಾಸಿಗೆಯಲ್ಲಿರುವ ಅಜ್ಜನಿಗೆ "ಏನು ನಿನ್ನ ತೊಂದರೆ" ಎಂದೂ ಕೇಳುವುದನ್ನು ನೀವು ಕಾಣುತ್ತೀರಿ. ಅಜ್ಜ ಅದನ್ನು ಗಮನಿಸುತ್ತಾನೆ, ಉತ್ತರವನ್ನು ಚಿಕ್ಕದಾಗಿಸುತ್ತಾನೆ, ನಿಮ್ಮ ಹಿಸ್ಟರಿಯಲ್ಲಿ ಅರ್ಧ ಕಾಯಿಲೆ ಉಳಿದುಹೋಗುತ್ತದೆ. ಪ್ರೀತಿಯಿಂದ "ಅಜ್ಜಾ" ಎನ್ನಿ, ಜೊತೆಗೆ "ನೀವು" ಇರಲಿ.

ನಮ್ಮ ಹೊರರೋಗಿ ವಿಭಾಗಕ್ಕೆ ಉರ್ದು, ಲಂಬಾಣಿ ಮಾತನಾಡುವವರು ಬರುತ್ತಾರೆ, ಮೊಳಕಾಲ್ಮೂರು ಕಡೆಯಿಂದ ತೆಲುಗಿನವರು ಬರುತ್ತಾರೆ. ಹೆಣ್ಣುಮಗಳ ಬಿಳಿ ಸೆರಗಿನ ತೊಂದರೆಯನ್ನು ಅವಳ ಹತ್ತು ವರ್ಷದ ಮಗನ ಬಾಯಿಂದ ಕೇಳಬೇಡಿ. ಆ ಭಾಷೆ ಬಲ್ಲ ನರ್ಸ್ ಅಥವಾ ಆಯಾ ಯಾರಾದರೂ ಸಿಗುತ್ತಾರೆ, ಮಗನನ್ನು ಹೊರಗೆ ಕೂರಿಸಿ ಅವರನ್ನು ಕರೆಯಿರಿ.

ಚಿತ್ರದುರ್ಗ ಜಿಲ್ಲೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಬಾಣಂತಿಯನ್ನು ಹಟ್ಟಿಯ ಹೊರಗೆ ಇರಿಸುವ ರೂಢಿ ಉಳಿದಿದೆ. ಅಲ್ಲಿಂದ ಬಂದ ತಾಯಿಯ ಕೇಸ್ ಶೀಟಿನಲ್ಲಿ "ಅವಿದ್ಯಾವಂತೆ, ಮೂಢನಂಬಿಕೆ, ಸಲಹೆ ಪಾಲಿಸುವುದಿಲ್ಲ" ಎಂದು ಬರೆದರೆ ಮುಂದಿನ ಪಾಳಿಯವರು ಅವಳನ್ನು ನೋಡುವ ಮೊದಲೇ ತೀರ್ಪು ಓದಿರುತ್ತಾರೆ. ಆ ರೂಢಿಯನ್ನು ನಾನು ಒಪ್ಪುವುದಿಲ್ಲ, ತಾಯಿಗೂ ಮಗುವಿಗೂ ಅದರಿಂದ ಅಪಾಯವಿದೆ. ಆದರೆ ಅದನ್ನು ಮಾಡಿದವಳು ಅವಳಲ್ಲ, ಅನುಭವಿಸುತ್ತಿರುವವಳು ಅವಳು. ರಾತ್ರಿ ಮಗುವನ್ನು ಎಲ್ಲಿ ಮಲಗಿಸುತ್ತೀರಿ, ಚಳಿಗೆ ಏನು ಹೊದಿಸುತ್ತೀರಿ, ಊಟ ಯಾರು ತಂದುಕೊಡುತ್ತಾರೆ, ಆಶಾ ಕಾರ್ಯಕರ್ತೆ ಅಲ್ಲಿಗೆ ಬರುತ್ತಾರೆಯೇ ಎಂದು ಕೇಳಿ. ನಂತರ ಹೀಗೆ ಬರೆಯಿರಿ: "ಹೆರಿಗೆಯ ನಂತರ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ವಾಸ, ಮಗುವಿಗೆ ಚಳಿಯ ಅಪಾಯ, ಕಬ್ಬಿಣಾಂಶದ ಮಾತ್ರೆ ಮುಗಿದು ವಾರವಾಗಿದೆ, ತರಲು ಯಾರೂ ಇಲ್ಲ, ಮಗುವನ್ನು ಎದೆಗೆ ಅಪ್ಪಿಕೊಂಡು ಬೆಚ್ಚಗಿಡುವುದನ್ನು ಕಲಿಸಲಾಗಿದೆ, ಡಿಸ್ಚಾರ್ಜ್‌ಗೆ ಮೊದಲು ಆಶಾ ಕಾರ್ಯಕರ್ತೆಗೆ ಫೋನ್ ಮಾಡಬೇಕು."